ಅಣ್ಣಮ್ಮನ ಉತ್ತರ ಪತ್ರಿಕೆ

ಪಾಸಾಗಲು ಮೂವತ್ತೈದು ಅಂಕ ಸಾಕಿತ್ತು. ನಾನು ತೊಂಬತ್ತೆಂಟು ತೆಗೆದೆ. ಅದೂ ನನ್ನ ಹೆಸರಿನಲ್ಲಲ್ಲ, ನಮ್ಮ ಎಸ್ಟೇಟಿನ ಕೂಲಿ ಲೈನಿನ ಅಣ್ಣಮ್ಮನ ಹೆಸರಿನಲ್ಲಿ. ಅರವತ್ತಾರು ವರ್ಷದ, ಅಕ್ಷರ ಬಾರದ ಹೆಂಗಸಿಗೆ ಬೈಬಲ್ ಅಂಚೆ ಪಾಠದ ಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ ಎಂಬಷ್ಟು ಬುದ್ಧಿ ನನಗಿರಲಿಲ್ಲ. ಉಳಿದ ಎರಡು ಅಂಕ ಎಲ್ಲಿ ಹೋಯಿತು ಎಂದು ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನ್ನ ಹೆಸರು ಓಂಕಾರಪ್ಪ. ಸಂಸೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷದಿಂದ ರೈಟರ್. ಎಸ್ಟೇಟ್ ರೈಟರ್ ಎಂದರೆ ಬೆಳಗ್ಗೆ ಹಾಜರಿ ಹಾಕುವವನು, ಗೊಬ್ಬರದ ಚೀಲ ಲೆಕ್ಕ ಹಿಡಿಯುವವನು, ಸಾಹುಕಾರರು ಹೇಳಿದ ಪತ್ರ ಬರೆಯುವವನು. ಆದರೆ ನಾನು ನನ್ನನ್ನು ಸಾಹಿತಿ ಎಂದೇ ತಿಳಿದುಕೊಂಡಿದ್ದೇನೆ. ಇದಕ್ಕೆ ಆಧಾರ ಕೇಳಿದರೆ, ಸಹಕಾರ ಸಂಘದ ಸ್ಮರಣ ಸಂಚಿಕೆಯಲ್ಲಿ ಬಂದ ಒಂದು ಕವನ, ವಾಚಕರ ವಾಣಿಯಲ್ಲಿ ಬಂದ ನಾಲ್ಕು ಪತ್ರ. ನನ್ನ ಹೆಂಡತಿ ಸರ್ವಮಂಗಳಾ ಆ ಕವನವನ್ನು ಇನ್ನೂ ಓದಿಲ್ಲ. ಬಿಡುವಾದಾಗ ಓದುತ್ತೇನೆ ಎಂದು ಹೇಳಿ ಹದಿನಾಲ್ಕು ವರ್ಷವಾಯಿತು.

ದಿನಾ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ನಾನು ಬೈಬಲ್ ಪರೀಕ್ಷೆಗೆ ಕೂತದ್ದು ಹೇಗೆ ಎಂದು ಹೇಳಬೇಕು. ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಹನ್ನೊಂದು ಕ್ರೈಸ್ತ ಮನೆಗಳಿವೆ. ಸಾಹುಕಾರ್ ಪರಮೇಶ್ವರಪ್ಪನವರು ಬಿಟ್ಟುಕೊಟ್ಟ ಹಳೇ ಉಗ್ರಾಣದಲ್ಲಿ ಅವರು ಭಾನುವಾರ ಪ್ರಾರ್ಥನೆ ಮಾಡುತ್ತಾರೆ. ಅದನ್ನು ನಡೆಸುತ್ತಿದ್ದ ಹಿರಿಯರು ಮಗಳ ಊರಿಗೆ ಹೋಗಿಬಿಟ್ಟರು. ಮೂಡಿಗೆರೆಯಿಂದ ಪಾದ್ರಿಗಳು ಬರುವುದು ಎರಡು ತಿಂಗಳಿಗೊಮ್ಮೆ. ನಾನು ನಡೆಸುತ್ತೇನೆ ಎಂದು ಅಣ್ಣಮ್ಮ ಎದ್ದು ನಿಂತಳು. ಅಂಚೆ ಪಾಠ ಮುಗಿಸಿ ಸರ್ಟಿಫಿಕೇಟ್ ತಂದರೆ ಆಗಬಹುದು, ಇಲ್ಲವಾದರೆ ಇಲ್ಲಿಯ ಪ್ರಾರ್ಥನೆ ನಿಲ್ಲಿಸಿ ಎಲ್ಲರೂ ಪೇಟೆಗೆ ಬನ್ನಿ ಎಂದರು ಪಾದ್ರಿಗಳು. ಪೇಟೆ ಎಂದರೆ ಕಳಸ. ಭಾನುವಾರ ಬೆಳಗ್ಗೆ ಬಸ್ಸಿಲ್ಲ. ಮಂಡಿ ಹಿಡಿದುಕೊಂಡು ಓಡಾಡುವ ಮುದುಕ ಮುದುಕಿಯರನ್ನು ಯಾವ ಜೀಪೂ ಪ್ರತಿ ವಾರ ಹತ್ತಿಸಿಕೊಂಡು ಹೋಗುವುದಿಲ್ಲ. ಸರ್ಟಿಫಿಕೇಟ್ ಬಾರದಿದ್ದರೆ ಲೈನಿನ ಪ್ರಾರ್ಥನೆ ಮುಗಿದ ಹಾಗೇ.

ಅಂಚೆಯಲ್ಲಿ ಬಂದ ಮೊದಲ ಪುಸ್ತಿಕೆಯ ಹಿಂದೆಯೇ ನಿಯಮ ಅಚ್ಚಾಗಿತ್ತು. ಬರೆಯಲು ಬಾರದವರು ಹೇಳಿ ಬರೆಸಬಹುದು, ಉತ್ತರ ಮಾತ್ರ ತಮ್ಮದೇ ಆಗಿರಬೇಕು. ಅಣ್ಣಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ, ನಾನು ಹೇಳುತ್ತೇನೆ, ನೀವು ಬರೆಯಿರಿ ಎಂದಳು. ಅಷ್ಟೇ ಒಪ್ಪಂದ. ಇದಕ್ಕಿಂತ ಸುಲಭದ ಕೆಲಸ ಭೂಮಿಯ ಮೇಲಿಲ್ಲ, ನಾನು ಅದನ್ನೂ ಕೆಡಿಸಿದೆ.

ಪ್ರತಿ ಪಾಠವೂ ಹೊಸ ಒಡಂಬಡಿಕೆಯ ಒಂದು ಭಾಗದ ಮೇಲೆ. ಕೊನೆಯಲ್ಲಿ ಮೂರು ಪ್ರಶ್ನೆ: ಇದನ್ನು ಯಾರು ಬರೆದರು, ಯಾರಿಗೆ ಬರೆದರು, ಮುಖ್ಯ ವಿಷಯವೇನು. ಭಾನುವಾರ ಮಧ್ಯಾಹ್ನ ನಾನು ಅಣ್ಣಮ್ಮನ ಜಗಲಿಯಲ್ಲಿ ಪುಸ್ತಿಕೆ ಹಿಡಿದು ಕೂರುತ್ತಿದ್ದೆ. ಅವಳು ಒಬ್ಬಳೇ ಕೇಳುತ್ತಿರಲಿಲ್ಲ. ಹನ್ನೊಂದು ಮನೆಯವರನ್ನೂ ಕರೆದು ಅಂಗಳದಲ್ಲಿ ಕೂರಿಸಿದ ಮೇಲೆಯೇ ಓದಿ ಎನ್ನುತ್ತಿದ್ದಳು. ನನ್ನ ಓದಿನ ಸೊಗಸಿಗೆ ಜನ ಸೇರುತ್ತಿದ್ದಾರೆ ಎಂದು ನಾನು ತಿಳಿದೆ. ಮನೆಯಿಂದ ಹೊರಡುವ ಮುಂಚೆ ಶುಂಠಿ ಕಷಾಯ ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ನಾಲ್ಕು ಸುವಾರ್ತೆಗಳ ಪಾಠ ಮುಗಿದ ದಿನ ಯೇಸುವಿನ ಒಂದೇ ಕತೆಯನ್ನು ನಾಲ್ಕು ಜನ ಯಾಕೆ ಬರೆದರು ಎಂಬ ಇನ್ನೊಂದು ಪ್ರಶ್ನೆಯೂ ಇತ್ತು. ಅಣ್ಣಮ್ಮ ಎಲೆ ಅಡಿಕೆ ಜಗಿಯುತ್ತಾ ಸ್ವಲ್ಪ ಯೋಚಿಸಿದಳು. "ಒಂದೇ ಸಾವಿನ ಮನೆಗೆ ಹೋಗಿ ಬಂದ ನಾಕು ಜನ ನಾಕು ಥರ ಹೇಳ್ತಾರೆ ರೈಟ್ರೇ. ಸುಳ್ಳಲ್ಲ ಅದು. ಕೇಳೋರು ಯಾರು ಅಂತ ನೋಡ್ಕಂಡು ಹೇಳ್ತಾರೆ. ಹಂಗೇ ಬರ್ಕಳಿ" ಎಂದಳು.

ನಾನು ಹಾಗೆ ಬರೆದುಕೊಳ್ಳಲಿಲ್ಲ. ಇಷ್ಟು ಸಣ್ಣ ಉತ್ತರ ಕಳಿಸಿದರೆ ಎಸ್ಟೇಟಿನ ಮರ್ಯಾದೆ ಏನಾಗಬೇಕು ಎನಿಸಿತು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿದೆ. ಮಾರ್ಕನದ್ದು ಮೊದಲಿನದು ಎಂದು ಬಹುಪಾಲು ಪಂಡಿತರ ಮತ. ಮತ್ತಾಯನದ್ದು ಯೆಹೂದಿ ಹಿನ್ನೆಲೆಯವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಲೂಕನದ್ದು ಥೆಯೊಫಿಲ ಎಂಬ ಮಾನ್ಯರೊಬ್ಬರಿಗೆ ಅರ್ಪಿಸಿದ್ದು. ಮೂಲದಲ್ಲಿ ಯಾವುದಕ್ಕೂ ಬರೆದವರ ಹೆಸರಿರಲಿಲ್ಲ, ಹೆಸರುಗಳು ಆಮೇಲೆ ಅಂಟಿಕೊಂಡವು. ಇದೆಲ್ಲ ನನಗೆ ಹೊಸದು. ನಿಜ ಹೇಳುತ್ತೇನೆ, ಬಹಳ ಖುಷಿಯಾಯಿತು. ಖುಷಿಯಲ್ಲಿ ನಾಲ್ಕು ಹಾಳೆ ಬರೆದೆ. ಪುಸ್ತಿಕೆಯಲ್ಲಿ ಉತ್ತರಕ್ಕೆ ಬಿಟ್ಟಿದ್ದ ಜಾಗ ಮೂರು ಗೆರೆ.

ಮುಂದಿನ ಪಾಠ, ಊರೂರು ತಿರುಗಿ ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲನ ಪತ್ರಗಳದ್ದು. ಅವನ ಹೆಸರಿನಲ್ಲಿರುವ ಹದಿಮೂರರಲ್ಲಿ ಏಳು ಅವನದೇ ಎಂಬುದರಲ್ಲಿ ತಕರಾರಿಲ್ಲ, ಉಳಿದವುಗಳ ಬಗ್ಗೆ ಪಂಡಿತರಲ್ಲಿ ಜಗಳವಿದೆ, ಕೆಲವನ್ನು ಶಿಷ್ಯರು ಗುರುವಿನ ಹೆಸರಿನಲ್ಲಿ ಬರೆದಿರಬಹುದು ಎಂದು ಓದಿದೆ. ನನಗೆ ಸಿಟ್ಟು ಬಂತು. ಬೇರೆಯವರ ಹೆಸರಿನಲ್ಲಿ ಬರೆಯುವವರ ನೀತಿ ಎಂಥದು ಎಂದು ಒಂದು ಪುಟ ಖಾರವಾಗಿ ಬರೆದು, ಕೆಳಗೆ ಅಣ್ಣಮ್ಮನ ಹೆಬ್ಬೆಟ್ಟು ಒತ್ತಿಸಿ, ಅಂಚೆಗೆ ಹಾಕಿದೆ. ಇದರಲ್ಲಿ ನಗುವಂಥದ್ದು ಏನೋ ಇದೆ ಎಂದು ಹೇಳಿದವಳು ಸರ್ವಮಂಗಳಾ. ಏನು ಎಂದು ನನಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ಪ್ರತಿ ಸಲವೂ ಹೆಬ್ಬೆಟ್ಟು ಒತ್ತುವ ಮುಂಚೆ ಅಣ್ಣಮ್ಮ ಕೇಳುತ್ತಿದ್ದಳು, ನಾನು ಹೇಳಿದ್ದೇ ತಾನೇ ಬರೆದದ್ದು ಎಂದು. ಅದನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ ಮಾರಾಯ್ತಿ ಎನ್ನುತ್ತಿದ್ದೆ. ಓದಿ ಹೇಳಿ ಎಂದರೆ ಅಂಚೆಗೆ ಹೊತ್ತಾಯಿತು ಎಂದು ತಪ್ಪಿಸುತ್ತಿದ್ದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಬೆರಳು ಒತ್ತುತ್ತಿದ್ದಳು.

ಕಾಫಿ ಕೊಯ್ಲು ಮುಗಿದು ಕಣದಲ್ಲಿ ಸಿಪ್ಪೆ ಸುಲಿದ ಕೊನೆಯ ಪಾರ್ಚ್‌ಮೆಂಟ್ ಬೀಜ ಒಣಗುತ್ತಿದ್ದಾಗ ಫಲಿತಾಂಶ ಬಂತು. ತೊಂಬತ್ತೆಂಟು. ಜೊತೆಗೊಂದು ಪತ್ರ. ಉತ್ತರಗಳು ತಮ್ಮವೇ ಎಂದು ಖಚಿತ ಮಾಡಿಕೊಳ್ಳಬೇಕಿದೆ, ಶನಿವಾರ ಮೂಡಿಗೆರೆಗೆ ಖುದ್ದಾಗಿ ಬರತಕ್ಕದ್ದು, ಬೇರೆಯವರ ಉತ್ತರವೆಂದು ಕಂಡುಬಂದಲ್ಲಿ ಸರ್ಟಿಫಿಕೇಟ್ ಕೊಡಲಾಗುವುದಿಲ್ಲ. ನಾನು ಅಂಕವನ್ನು ಗಟ್ಟಿಯಾಗಿಯೂ ಪತ್ರವನ್ನು ಮೆಲ್ಲಗೂ ಓದಿದೆ. ಅಂಗಳದಲ್ಲಿ ಕೂತ ಯಾರೂ ಅಂಕದ ಮಾತೆತ್ತಲಿಲ್ಲ. ಹಾಗಾದರೆ ಪ್ರಾರ್ಥನೆ ನಿಂತುಹೋಗುತ್ತದಾ ಎಂದು ಬೆಳ್ಳಿಯಪ್ಪ ಎಂಬ ಮುದುಕ ಕೇಳಿದ. ನಾನು ಪತ್ರವನ್ನು ಮಡಚಿ ಜೇಬಿಗಿಟ್ಟೆ.

ಶನಿವಾರ ಇಬ್ಬರೂ ಕಳಸಕ್ಕೆ ಹೋಗಿ ಮೂಡಿಗೆರೆ ಬಸ್ಸು ಹತ್ತಿದೆವು. ನಾನು ಹಿಂದಿನ ದಿನವೇ ಏಳು ಅಂಶಗಳ ಒಂದು ಚೀಟಿ ಬರೆದಿಟ್ಟಿದ್ದೆ. ಓದು ಬಾರದವಳಿಗೆ ಚೀಟಿ ಬರೆದುಕೊಟ್ಟದ್ದು ನನಗೆ ಹೊಳೆದದ್ದು ಅವಳು ಅದರಲ್ಲಿ ಅಡಿಕೆ ಕಟ್ಟಿಕೊಂಡ ಮೇಲೆ. ಆದ್ದರಿಂದ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದೆ. ಇಬ್ರಿಯರಿಗೆ ಬರೆದ ಪತ್ರ ಯಾರದ್ದು? ತಿಳಿಯದು ಎನ್ನಬೇಕು, ಆದರೆ ತಿಳಿದವರು ಹೇಳುವ ಹಾಗೆ ಹೇಳಬೇಕು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ನಾನು ನೀರು ದೋಸೆ ತಿಂದೆ. ಅವಳು ಬೇಡ ಎಂದು ಕಿಟಕಿ ಪಕ್ಕದಲ್ಲೇ ಕೂತಿದ್ದಳು. ನನಗೆ ಮಾತ್ರ ಒಳಗೊಳಗೇ ಒಂದು ಆಸೆ ಇತ್ತು. ಪರೀಕ್ಷೆ ಮಾಡುವವರು ಆ ಹಾಳೆಗಳನ್ನು ಹಿಡಿದು, ಇಂಥ ಉತ್ತರ ಬರೆದ ಮಹಾನುಭಾವರು ಯಾರು ಎಂದು ಕೇಳಬೇಕು, ನಾನು ತಲೆ ತಗ್ಗಿಸಿ ಸುಮ್ಮನೆ ನಗಬೇಕು. ಅವಳ ಪ್ರಾರ್ಥನೆ ಮುಳುಗುವ ಹೊತ್ತಿನಲ್ಲಿ ನಾನು ಬಸ್ಸಿನಲ್ಲಿ ನಗುವುದನ್ನು ಅಭ್ಯಾಸ ಮಾಡುತ್ತಿದ್ದೆ.

ಪರೀಕ್ಷಕರು ನಿವೃತ್ತ ಹೆಡ್‌ಮಿಸ್ಟ್ರೆಸ್. ಚರ್ಚಿನ ಹಿಂದಿನ ಸಣ್ಣ ಕೋಣೆಯಲ್ಲಿ ಮೇಜಿನ ಮೇಲೆ ನನ್ನ ಹಾಳೆಗಳನ್ನೆಲ್ಲ ಜೋಡಿಸಿಕೊಂಡು ಕೂತಿದ್ದರು. ಎದುರಿಗೆ ಒಂದೇ ಕುರ್ಚಿ ಇತ್ತು. ನಾನು ರೂಢಿಯಂತೆ ಅದರಲ್ಲಿ ಕೂತೆ. ಅದು ಅಮ್ಮನಿಗೆ ಹಾಕಿಸಿದ್ದು ಎಂದರು. ನಾನು ಎದ್ದು ಬಾಗಿಲ ಹತ್ತಿರ ನಿಂತೆ.

ಅವರು ಕನ್ನಡಕ ಏರಿಸಿ ನನ್ನ ಮೊದಲ ವಾಕ್ಯ ಓದಿದರು. ಸಮಾನದೃಷ್ಟಿಯ ಸುವಾರ್ತಾತ್ರಯದ ಪರಸ್ಪರಾವಲಂಬನೆಯ ಸಮಸ್ಯೆ ಎಂದು ಶುರುವಾಗುವ ಆ ವಾಕ್ಯ ಹನ್ನೊಂದು ಸಾಲಿನದು. ಮುಗಿಯುವಷ್ಟರಲ್ಲಿ ಅವರಿಗೆ ಏದುಸಿರು ಬಂತು. ಹಾಗೆಂದರೆ ಏನಮ್ಮ ಎಂದು ಕೇಳಿದರು.

"ನಂಗೊತ್ತಿಲ್ಲ ಅಮ್ಮಾರೆ" ಎಂದಳು ಅಣ್ಣಮ್ಮ. "ಹೇಳಿದ್ದು ನಾನು, ಬರ್ದಿದ್ದು ಇವ್ರು. ನಾನು ಹೇಳಿದ್ದು ಇದ್ರೊಳಗೆ ಎಲ್ಲೂ ಇಲ್ಲ ಅಂತ ಕಾಣ್ತದೆ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ನಾನು ಬಯಸಿದ್ದ ಮೆಚ್ಚುಗೆ ಇರಲಿಲ್ಲ. ಕೆಂಪು ಪೆನ್ನು ತೆಗೆದು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು, ಒಂದೊಂದು ಹಾಳೆಗೂ. ಬೇಸರವಾಗುತ್ತದೆ, ಆದರೆ ನಿಯಮ ನಿಯಮವೇ ಎಂದರು. ಇಪ್ಪತ್ತಾರು ಹಾಳೆ. ನನಗೆ ಹಾಳೆ ಹೋದದ್ದಕ್ಕೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಣ್ಣಮ್ಮ ಕುರ್ಚಿಯ ತುದಿಯಲ್ಲಿ ಕೂತು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದುದನ್ನು ನೋಡಿ ನಾಚಿಕೆಯಾಯಿತು. ತಪ್ಪು ನನ್ನದು, ಅವಳನ್ನೇ ಬಾಯಲ್ಲಿ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿ ಎಂದು ಬೇಡಿಕೊಂಡೆ. ಆ ದಿನ ನಾನು ಆಡಿದ ಒಂದೇ ಉಪಯೋಗದ ಮಾತು ಅದು.

ಅವರು ಸ್ವಲ್ಪ ಯೋಚಿಸಿ, ಪತ್ರಗಳಲ್ಲೇ ತೀರ ಚಿಕ್ಕದೊಂದನ್ನು ಆರಿಸಿದರು. ಪೌಲ ಸೆರೆಯಲ್ಲಿದ್ದಾಗ ಫಿಲೆಮೋನ ಎಂಬ ಯಜಮಾನನಿಗೆ ಬರೆದದ್ದು. ಫಿಲೆಮೋನನ ಆಳು ಒನೇಸಿಮ ಮನೆ ಬಿಟ್ಟು ಹೋಗಿದ್ದಾನೆ, ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ, ಪೌಲನ ಹತ್ತಿರ ಬಂದು ಬದಲಾಗಿದ್ದಾನೆ, ಅವನನ್ನು ಆಳಾಗಿ ಅಲ್ಲ, ತಮ್ಮನಾಗಿ ಸೇರಿಸಿಕೋ ಎಂದು ಬರೆದು ಅವನ ಕೈಯಲ್ಲೇ ಕಳಿಸಿದ ಪತ್ರ. ಅದು ಯಾರಿಗೆ ಬರೆದ ಪತ್ರ ಎಂದು ಕೇಳಿದರು. ಯಜಮಾನನಿಗೆ ಎಂದುಬಿಡು, ಪಾಸಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಕೂಗಿದೆ.

"ಎಲ್ರಿಗೂ" ಎಂದಳು ಅಣ್ಣಮ್ಮ. "ಯಜಮಾನ್ನ ಹೆಸ್ರು ಮೊದ್ಲು ಇದೆ, ಆಮೇಲೆ ಆ ಅಪ್ಫಿಯ ಅನ್ನೋ ಅಮ್ಮ, ಇನ್ನೊಬ್ರು, ಅವ್ನ ಮನೇಲಿ ಪ್ರಾರ್ಥನೆಗೆ ಸೇರೋರು ಎಲ್ರನ್ನೂ ಸೇರ್ಸಿ ಬರ್ದಿದಾರೆ. ಯಜಮಾನ್ನಿಗೆ ಮಾತ್ರ ಬರ್ದಿದ್ರೆ ಅವ್ನು ಓದಿ ಮಡ್ಚಿ ಇಟ್ಕಂತಿದ್ದ. ಎಲ್ರ ಎದ್ರಿಗೆ ಓದಿದ್ರೆ ಇಟ್ಕಳಕ್ಕಾಗಲ್ಲ. ಆ ಹುಡ್ಗನ ಜೀವ ಉಳ್ಸಿದ್ದು ಆ ಜನ ಕೇಳಿದ್ದು ಅಮ್ಮಾರೆ."

ಪರೀಕ್ಷಕರು ಕನ್ನಡಕ ತೆಗೆದು ಕೆಳಗಿಟ್ಟರು. ಇದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು.

ಅಣ್ಣಮ್ಮ ಹೇಳಿದಳು. ತನ್ನ ಗಂಡ ಚಿಕ್ಕಯ್ಯನೂ ಒಂದು ಪತ್ರ ಹೊತ್ತುಕೊಂಡು ಹೋಗಿದ್ದ. ಒಂದು ಎಸ್ಟೇಟ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೇ ಎಸ್ಟೇಟಿನ ರೈಟರ್ ಹೊಸಬರಿಗೆ ಒಂದು ಚೀಟಿ ಬರೆದುಕೊಡುವುದು ಆಗ ವಾಡಿಕೆ. ಲೈನಿನ ಕುಡಿಯುವ ನೀರು ಕೆಸರು ಬರುತ್ತದೆ ಎಂದು ಚಿಕ್ಕಯ್ಯ ಹಾಜರಿ ಹೊತ್ತಿನಲ್ಲಿ ಎಲ್ಲರ ಮುಂದೆ ಮಾತಾಡಿದ್ದ. ನೀರು ಸರಿಹೋಗದೆ ಮನಸ್ಸು ಕೆಟ್ಟು ಬೇರೆ ಕಡೆ ಹೊರಟ. ಚೀಟಿ ಸಿಕ್ಕಿತು. ಅದನ್ನು ಹೊಸ ಅಂಗಿಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಮೂರು ಎಸ್ಟೇಟಿಗೆ ಹೋದ. ಮೂರು ಕಡೆಯೂ ರೈಟರು ಚೀಟಿ ಓದಿ, ಮಡಚಿ ಕೈಗೆ ಕೊಟ್ಟು, ಕೆಲಸವಿಲ್ಲ ಎಂದು ಕಳಿಸಿದರು. ನಾಲ್ಕನೆಯ ಕಡೆ ಮೇಸ್ತ್ರಿಯೊಬ್ಬ ಪಾಪ ಎನಿಸಿ ಅದನ್ನು ಗಟ್ಟಿಯಾಗಿ ಓದಿ ಹೇಳಿದ.

"ಅದ್ರಲ್ಲಿ ಇದ್ದಿದ್ದು ಇಷ್ಟು" ಎಂದು ಅಣ್ಣಮ್ಮ ಒಪ್ಪಿಸಿದಳು, ಬರವಣಿಗೆಯ ಕನ್ನಡದಲ್ಲಿ, ಒಂದಕ್ಷರ ಬಿಡದೆ. "ಈತನ ಕತ್ತಿ ಮೊಂಡು, ನಾಲಿಗೆ ಹರಿತ, ಇಟ್ಟುಕೊಂಡವರ ತೋಟದಲ್ಲಿ ಕಳೆಗಿಂತ ಮಾತು ಹೆಚ್ಚು ಬೆಳೆದೀತು."

ಚಿಕ್ಕಯ್ಯ ಅದೇ ಲೈನಿಗೆ ವಾಪಸು ಬಂದ. ಸಾಯುವ ತನಕ ಹಾಜರಿ ಹೊತ್ತಿನಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಇದಾಗಿ ಇಪ್ಪತ್ತೊಂಬತ್ತು ವರ್ಷ ಎಂದಳು. ಅಂದಿನಿಂದ ಯಾವ ಕಾಗದವನ್ನೂ ನಾಲ್ಕು ಜನರ ಕಿವಿಗೆ ಬೀಳದೆ ತಾನು ನಂಬುವುದಿಲ್ಲ, ಈ ಪಾಠಗಳನ್ನೂ ಅದಕ್ಕೇ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಓದಿಸಿದ್ದು ಎಂದಳು.

ಆ ಚೀಟಿಯ ವಾಕ್ಯ ನನ್ನದು. ಇಪ್ಪತ್ತೆಂಟು ವರ್ಷದವನಾಗಿದ್ದಾಗ ಬರೆದದ್ದು. ಬರೆದಾದ ಮೇಲೆ ಎರಡು ಸಲ ಓದಿಕೊಂಡು ಖುಷಿಪಟ್ಟಿದ್ದೆ, ಮಧ್ಯಾಹ್ನ ಊಟಕ್ಕೆ ಹೋದಾಗ ಸರ್ವಮಂಗಳಾಗೂ ಹೇಳಿದ್ದೆ. ಸಾಹುಕಾರರು ಹೇಳಿ ಬರೆಸಿದ್ದು ಎನ್ನೋಣವೆಂದರೆ ಅದೂ ಇಲ್ಲ. ಹೋಗುತ್ತಾನಂತೆ, ಒಂದು ಚೀಟಿ ಬರೆದುಕೊಡಿ ಎಂದಷ್ಟೇ ಅವರು ಹೇಳಿದ್ದರು. ಚಿಕ್ಕಯ್ಯನ ಮೇಲೆ ನನಗೆ ಸಿಟ್ಟೂ ಇರಲಿಲ್ಲ. ಕತ್ತಿ ಮೊಂಡು ಎಂದು ಬರೆದ ಮೇಲೆ ನಾಲಿಗೆ ಹರಿತ ಎಂದು ಬರೆಯದಿರಲು ಆಗಲಿಲ್ಲ, ಅಷ್ಟೇ. ಆ ಮೇಲೆ ನಾನು ಅದನ್ನು ಮರೆತೇಬಿಟ್ಟೆ. ಜೀವಮಾನವೆಲ್ಲ ಬರೆದದ್ದರಲ್ಲಿ ಒಬ್ಬರಿಗಾದರೂ ಬಾಯಿಪಾಠವಾದ ನನ್ನ ವಾಕ್ಯ ಅದೊಂದೇ.

ಆ ರೈಟರ್ ಯಾರು ಎಂದು ಪರೀಕ್ಷಕರು ಕೇಳಿದರು. ಅಣ್ಣಮ್ಮ ನನ್ನ ಕಡೆ ತಿರುಗಲಿಲ್ಲ. ಆಗ ಇದ್ದವರು ಯಾರೋ, ಬಿಡಿ ಎಂದಳು.

ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹಳೆಯ ಅಂಕವೆಲ್ಲ ರದ್ದು, ಆದರೆ ಈ ಉತ್ತರ ಸಾಕು, ಸರ್ಟಿಫಿಕೇಟ್ ಕೊಡಬಹುದು ಎಂದರು. ಮೇಲಿನವರಿಗೆ ಕಳಿಸಲು ಅವಳು ಹೇಳಿದ್ದು ಕಾಗದದಲ್ಲಿ ಇರಬೇಕು, ಅವಳ ಹೆಬ್ಬೆಟ್ಟಿನ ಜೊತೆಗೆ. ನನಗೆ ಒಂದು ಬಿಳಿ ಹಾಳೆ ಕೊಟ್ಟರು. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ನಿಮ್ಮ ಕಡೆಯಿಂದ ಒಂದು ಪದವೂ ಬೇಡ ಎಂದರು.

ಮೇಜಿನ ಮೂಲೆಯಲ್ಲಿ ನಿಂತುಕೊಂಡೇ ಬರೆದೆ. ಮಡ್ಚಿ ಎಂದದ್ದನ್ನು ಮಡ್ಚಿ ಎಂದೇ ಬರೆದೆ. ಅಂಗಿಯ ಜೇಬು, ಮೂರು ಎಸ್ಟೇಟು, ಮೇಸ್ತ್ರಿ, ಎಲ್ಲವೂ ಅವಳ ಮಾತಿನಲ್ಲೇ. ನನ್ನ ವಾಕ್ಯ ಬಂದಾಗ ಅದನ್ನೂ ಬರೆದೆ. ಇಷ್ಟು ಕೆಟ್ಟ ವಾಕ್ಯವನ್ನು ನಾನು ಇನ್ನೊಬ್ಬರ ಬರವಣಿಗೆಯಲ್ಲಿ ಕಂಡಿಲ್ಲ. ಆಮೇಲೆ ರೈಟರ್ ಎಂಬ ಮಾತು ಬಂತು, ಅದರ ಮುಂದೆ ಪೆನ್ನು ನಿಂತಿತು. ಪರೀಕ್ಷಕರು ಹೇಳಿದ್ದು ನೆನಪಿತ್ತು. ಆದರೂ ಒಂದು ಪದ ಸೇರಿಸಿದೆ.

ಬರೆದು ಮುಗಿದ ಮೇಲೆ ಪರೀಕ್ಷಕರು ಹಾಳೆ ತೆಗೆದುಕೊಂಡು ಅಣ್ಣಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು. ಆ ಚೀಟಿ ಬರೆದದ್ದು ರೈಟರ್ ಓಂಕಾರಪ್ಪ ಎಂಬಲ್ಲಿಗೆ ಬಂದಾಗ ಅವರ ದನಿ ತಗ್ಗಿತು. ಅಣ್ಣಮ್ಮ ಕೈ ಎತ್ತಿದಳು.

"ಹೆಸ್ರು ನಾನು ಹೇಳ್ಲಿಲ್ಲ."

"ಹೇಳ್ಲಿಲ್ಲ" ಎಂದೆ. "ಅದೊಂದು ನಾನು ಬರ್ದಿದ್ದು ಅಣ್ಣಮ್ಮ."

ಆ ಕೋಣೆಗೆ ಬಂದ ಮೇಲೆ ಅವಳು ಮೊದಲ ಸಲ ನನ್ನ ಕಡೆ ತಿರುಗಿ ನೋಡಿದಳು. ಪರೀಕ್ಷಕರು ಮಸಿಯ ಡಬ್ಬಿ ಮುಂದಿಟ್ಟರು. ಅಣ್ಣಮ್ಮ ಬೆರಳು ಅದ್ದಿ, ಹಾಳೆಯ ಮೇಲೆ ಒತ್ತುವ ಮುಂಚೆ ತಡೆದಳು.

"ಇದ್ರದ್ದೊಂದು ನಕಲು ಬರ್ಕಳಿ ರೈಟ್ರೇ" ಎಂದಳು. "ನಾಳೆ ಪ್ರಾರ್ಥನೆಗೆ ಬಂದು ಓದಿ. ಎಲ್ರೂ ಇರ್ತಾರೆ."

ಆಗಲಿ ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು.